ದ್ರಾಕ್ಷಾಮದ್ಯದ ಸೀಸೆಯ ಮೇಲಣ ‘ಸಾವಯವ’ ಮುದ್ರೆ: ಒಂದು ಅರ್ಥವಿಚಾರ

ವೈನ್ ಎಂಬ ದ್ರಾಕ್ಷಾಮದ್ಯವು ಪುಣೆಯ ಪೇಟೆಯಲ್ಲಿ ಈಗ ಅಪೂರ್ವವಸ್ತುವಾಗಿ ಉಳಿದಿಲ್ಲ. ೧೯೮೦ರ ದಶಕದಲ್ಲಿ ಜುನ್ನರ ತಾಲೂಕಿನ ನಾರಾಯಣಗಾವಿನಲ್ಲಿ ನೊರೆಯುಕ್ಕುವ ವೈನಿನ ತಯಾರಿಕೆ ಮೊದಲಾದಂದಿನಿಂದ ಈಚೆಗೆ ನಾಸಿಕ, ಬಾರಾಮತಿ, ಅಕಲೂಜಗಳ ಸುತ್ತಮುತ್ತಲೂ, ಇತ್ತ ಕರ್ನಾಟಕದಲ್ಲಿ ನಂದಿಬೆಟ್ಟದ ತಪ್ಪಲಿನಲ್ಲಿಯೂ ಈ ಉದ್ಯಮವು ಬೇರೂರಿದೆ. ಮಹಾರಾಷ್ಟ್ರ ಸರಕಾರವು ೨೦೦೧ರಲ್ಲಿಯೂ ಕರ್ನಾಟಕ ಸರಕಾರವು ೨೦೦೭ರಲ್ಲಿಯೂ ಇದಕ್ಕಾಗಿಯೇ ಪ್ರತ್ಯೇಕ ನೀತಿಗಳನ್ನು ಪ್ರಕಟಿಸಿದುವು. ಹೊರದೇಶದ ಸೀಸೆಗಳೂ ಇವುಗಳ ಪಕ್ಕದಲ್ಲಿ ಬಂದು ನಿಂತಿವೆ. ಆದರೆ ಸೀಸೆಯ ಬೆನ್ನಿಗೆ ಅಂಟಿಸಿದ ಚೀಟಿಯನ್ನು ಓದಹೊರಟವನಿಗೆ ಅಲ್ಲಿ ಕಾಣುವುದು ಒಂದು ಎಲೆಯ ಚಿತ್ರ, ಒಂದು ವರ್ತುಲ, ‘ಸಾವಯವ’, ‘ಸುಸ್ಥಿರ’, ‘ನೈಸರ್ಗಿಕ’ ಎಂಬರ್ಥದ ನಾಲ್ಕಾರು ಮಾತುಗಳು. ಇವೆಲ್ಲ ಒಂದೇ ಅರ್ಥವನ್ನು ಹೇಳುತ್ತವೆಯೆಂದು ಬಗೆದರೆ ಅದು ತಪ್ಪಾದೀತು. ಪ್ರತಿಯೊಂದು ಮುದ್ರೆಯೂ ಏನನ್ನು ಪ್ರತಿಜ್ಞೆ ಮಾಡುತ್ತದೆ, ಅದನ್ನು ಪರೀಕ್ಷಿಸುವವರು ಯಾರು, ಅದು ಹೇಳದೆ ಬಿಡುವುದೇನು ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಲೇಸು. ಮದ್ಯಪಾನದ ಗುಣದೋಷಗಳ ವಿಚಾರವು ಇಲ್ಲಿ ಪ್ರಸ್ತುತವಲ್ಲ. ವೈನನ್ನು ಮುಟ್ಟದವರ ಮನೆಗೂ ದ್ರಾಕ್ಷಿಯ ಗೊಂಚಲು ಬರುತ್ತದೆ, ಪಾಯಸಕ್ಕೆ ಒಣದ್ರಾಕ್ಷಿ ಬೀಳುತ್ತದೆ. ತೋಟಕ್ಕೆ ಸಂಬಂಧಪಟ್ಟ ನಿಯಮಗಳು ಎಲ್ಲಕ್ಕೂ ಒಂದೇ. ಮೇಲಾಗಿ ವಿಜಯಪುರ, ಬಾಗಲಕೋಟೆಗಳ ಕಡೆಯಿಂದ ಬಂದು ಇಲ್ಲಿ ನೆಲೆನಿಂತ ನಮ್ಮವರಲ್ಲಿ ಹಲವರ ಬಂಧುಗಳು ದ್ರಾಕ್ಷಿಯ ಬೆಳೆಯಿಂದಲೇ ಬಾಳುವವರು. ಕೊಳ್ಳುವವನಿಗೆ ಈ ಮುದ್ರೆಯು ಒಂದು ಚಿತ್ರ ಮಾತ್ರ. ಬೆಳೆಯುವವನಿಗೆ ಅದು ಮೂರು ವರ್ಷಗಳ ಆದಾಯದ ಪ್ರಶ್ನೆ.

೧. ಶಬ್ದದ ವಿಚಾರ

ನಾವು ‘ಸಾವಯವ’ವೆನ್ನುವುದನ್ನು ನೆರೆಯ ಮರಾಠಿಯವರು ‘ಸೇಂದ್ರಿಯ’ವೆನ್ನುತ್ತಾರೆ, ಹಿಂದಿಯಲ್ಲಿ ಅದು ‘ಜೈವಿಕ’. ಮೂರೂ ಸಂಸ್ಕೃತಮೂಲದ ಶಬ್ದಗಳೇ ಆದರೂ ಮೂರರ ದೃಷ್ಟಿಯೂ ಬೇರೆ. ಅವಯವಗಳಿಂದ ಕೂಡಿದುದು ಸಾವಯವ. ಇಂದ್ರಿಯಗಳಿಂದ ಕೂಡಿದುದು ಸೇಂದ್ರಿಯ. ಜೀವಕ್ಕೆ ಸಂಬಂಧಿಸಿದುದು ಜೈವಿಕ. ನ್ಯಾಯಶಾಸ್ತ್ರದಲ್ಲಿ ಸಾವಯವವೆಂದರೆ ಭಾಗಗಳಿಂದಾದ ದ್ರವ್ಯ. ಆಧುನಿಕ ರಸಾಯನಶಾಸ್ತ್ರವು ಕನ್ನಡಕ್ಕೆ ಬಂದಾಗ ಇಂಗಾಲದ ಸಂಯುಕ್ತಗಳಿಗೆ ಇದೇ ಹೆಸರು ಬಂದಿತು. ಇಲ್ಲಿಯೇ ತೊಡಕು ಹುಟ್ಟುವುದು. ರಸಾಯನಶಾಸ್ತ್ರದ ಅರ್ಥದಲ್ಲಿ ಇಂದಿನ ಕೃತಕ ಕೀಟನಾಶಕಗಳಲ್ಲಿ ಹೆಚ್ಚಿನವು ‘ಸಾವಯವ’ ವಸ್ತುಗಳೇ. ಅವುಗಳಿಗೆ ಸಾವಯವ ಕೃಷಿಯಲ್ಲಿ ಪ್ರವೇಶವಿಲ್ಲ. ಗಂಧಕ, ಮೈಲುತುತ್ತ, ಸುಣ್ಣಗಳು ಆ ಶಾಸ್ತ್ರದ ಪ್ರಕಾರ ನಿರವಯವ. ಅವುಗಳಿಗೆ ಮಿತಿಯೊಳಗೆ ಅನುಮತಿಯುಂಟು.

ಈ ವಿರೋಧಾಭಾಸವು ಪರಿಹಾರವಾಗಬೇಕಾದರೆ ಶಬ್ದದ ಮೂಲಕ್ಕೆ ಹೋಗಬೇಕು. ಇಂದೂರಿನಲ್ಲಿ ೧೯೨೪ರಿಂದ ೧೯೩೧ರವರೆಗೆ ಕೆಲಸಮಾಡಿದ ಆಲ್ಬರ್ಟ್ ಹೋವರ್ಡ್ ಎಂಬ ಕೃಷಿವಿಜ್ಞಾನಿಯು ನಮ್ಮ ರೈತರ ಕಸ-ಸಗಣಿಗಳ ಗೊಬ್ಬರವನ್ನು ಶಾಸ್ತ್ರೀಯವಾಗಿ ಅಭ್ಯಾಸಮಾಡಿ ‘ಇಂದೂರ ಪದ್ಧತಿ’ಯನ್ನು ಪ್ರಚಾರಕ್ಕೆ ತಂದನು. ಇಂಗ್ಲೆಂಡಿನ ಲಾರ್ಡ್ ನಾರ್ತ್‌ಬೋರ್ನ್ ೧೯೪೦ರ ತನ್ನ ಗ್ರಂಥದಲ್ಲಿ ಹೊಲವನ್ನು ಒಂದು ಜೀವಂತ ದೇಹಕ್ಕೆ ಹೋಲಿಸಿ, ಆ ಅರ್ಥದಲ್ಲಿ ಈ ವಿಶೇಷಣವನ್ನು ಬಳಸಿದನು. ಎಂದಮೇಲೆ ಸಾವಯವ ಕೃಷಿಯೆಂದರೆ ಸಾವಯವ ವಸ್ತುಗಳಿಂದ ಮಾಡುವ ಕೃಷಿಯಲ್ಲ; ಮಣ್ಣು, ಗಿಡ, ದನ, ಹುಳು, ಮನುಷ್ಯ ಇವೆಲ್ಲ ಒಂದೇ ದೇಹದ ಅವಯವಗಳೆಂದು ತಿಳಿದು ಮಾಡುವ ಕೃಷಿ. ಈ ದೃಷ್ಟಿಯಿಂದ ನೋಡಿದರೆ ನಮ್ಮ ಕನ್ನಡದ ಮಾತು ಮೂರರಲ್ಲಿಯೂ ಹೆಚ್ಚು ಸಮರ್ಪಕವೆನ್ನಬಹುದು.

೨. ದಖ್ಖಣದ ದ್ರಾಕ್ಷಿತೋಟ

ಮುದ್ರೆಯ ಬೆಲೆಯನ್ನು ಅರಿಯಬೇಕಾದರೆ ತೋಟದ ಕಷ್ಟವನ್ನು ಅರಿಯಬೇಕು. ಶೀತದೇಶಗಳಲ್ಲಿ ದ್ರಾಕ್ಷಿಬಳ್ಳಿಯು ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದುದರಿಂದ ಇಲ್ಲಿಯ ರೈತನು ವರ್ಷಕ್ಕೆ ಎರಡು ಸಲ ಬಳ್ಳಿಯನ್ನು ಕತ್ತರಿಸುತ್ತಾನೆ. ಮರಾಠಿಯ ‘ಛಾಟಣಿ’ಯೇ ವಿಜಯಪುರದ ರೈತರ ಬಾಯಲ್ಲಿ ‘ಚಾಟ್ನಿ’ಯಾಗಿದೆ. ಏಪ್ರಿಲಿನ ಚಾಟ್ನಿ ಕಡ್ಡಿಯನ್ನು ಬಲಪಡಿಸುವುದಕ್ಕೆ. ಅಕ್ಟೋಬರದ ಚಾಟ್ನಿ ಹಣ್ಣಿಗೆ. ಜನವರಿಯಿಂದ ಏಪ್ರಿಲಿನವರೆಗೆ ಕಟಾವು.

ಅಕ್ಟೋಬರದ ಚಾಟ್ನಿಯಾದ ಮೇಲೆ ಎಳೆಯ ಚಿಗುರು, ಹೂಗೊಂಚಲು ಹೊರಬರುವ ಸಮಯದಲ್ಲಿಯೇ ಮಳೆ ತಡವಾಗಿ ಬಂದರೆ ‘ಡೌನಿ’ಯೆಂಬ ಶಿಲೀಂಧ್ರರೋಗವು ಕೆಲವೇ ದಿನಗಳಲ್ಲಿ ಬೆಳೆಯನ್ನು ಹಾಳುಮಾಡಬಲ್ಲುದು. ಮಂಜು ಬೀಳುವ ದಿನಗಳಲ್ಲಿ ಬೂದಿರೋಗ. ಇದನ್ನು ಮರಾಠಿಯಲ್ಲಿ ಭುರಿಯೆನ್ನುವರು. ಇವುಗಳಿಗೆ ಹೆದರಿ ರೈತನು ಮತ್ತೆ ಮತ್ತೆ ಔಷಧ ಹೊಡೆಯುತ್ತಾನೆ. ಕಣ್ಣುಗಳೆಲ್ಲ ಏಕಕಾಲಕ್ಕೆ ಒಡೆಯಲೆಂದು ಕಡ್ಡಿಗೆ ಹೈಡ್ರೊಜನ್ ಸಯನಮೈಡ್ ಎಂಬ ರಸವನ್ನು ಸವರುವ ವಾಡಿಕೆಯೂ ಉಂಟು. ಇದು ಚರ್ಮವನ್ನು ಸುಡುವಂಥದು. ಇದನ್ನು ಮುಟ್ಟಿದ ದಿನ ಮದ್ಯ ಸೇವಿಸಿದವನ ದೇಹದಲ್ಲಿ ತೀವ್ರವಾದ ವಿಷಪರಿಣಾಮ ಕಾಣಿಸಿಕೊಳ್ಳುತ್ತದೆ. ಊಟದ ದ್ರಾಕ್ಷಿಯ ಕಾಳು ದಪ್ಪವಾಗಲು ಜಿಬ್ಬರಲಿಕ್ ಆಮ್ಲ ಬೇರೆ. ಸಾವಯವದ ನಿಯಮಗಳು ಕೃತಕ ಔಷಧಗಳನ್ನೂ ಕೃತಕ ಬೆಳವಣಿಗೆಯ ರಸಗಳನ್ನೂ ನಿಷೇಧಿಸುತ್ತವೆ. ಈ ನಿಷೇಧದಿಂದ ಮೊದಲು ರಕ್ಷಣೆ ದೊರೆಯುವುದು ದೂರದ ಗ್ರಾಹಕನಿಗಲ್ಲ, ಔಷಧದ ಡಬ್ಬಿ ಬೆನ್ನಿಗೇರಿಸಿದ ಕೂಲಿಯವನಿಗೆ ಎಂಬುದನ್ನು ನಾವು ಮರೆಯಬಾರದು.

ಹಾಗಾದರೆ ಸಾವಯವ ಬೆಳೆಗಾರನ ಕೈಯಲ್ಲಿ ಉಳಿಯುವುದೇನು? ಮುಖ್ಯವಾಗಿ ಗಂಧಕ ಮತ್ತು ಬೋರ್ಡೋ ಮಿಶ್ರಣ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿಯು ೧೮೮೫ರಲ್ಲಿ ಪ್ರಕಟಿಸಿದ ಮೈಲುತುತ್ತ-ಸುಣ್ಣಗಳ ಈ ಮಿಶ್ರಣವು ಮಲೆನಾಡಿನ ಅಡಕೆ ತೋಟದವರಿಗೆ ಚಿರಪರಿಚಿತ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ ೧೯೧೦ರ ಸುಮಾರಿಗೆ ಅಡಕೆಯ ಕೊಳೆರೋಗಕ್ಕೆ ಇದನ್ನೇ ಪ್ರಯೋಗಿಸಿ ಪ್ರಚಾರಮಾಡಿದನು. ಆದರೆ ತಾಮ್ರವು ಮಣ್ಣಿನಲ್ಲಿ ಕರಗಿಹೋಗದೆ ಸಂಗ್ರಹವಾಗುತ್ತ ಹೋಗುವ ಲೋಹ. ಎರೆಹುಳುಗಳಿಗೆ ಅದು ಹಿತವಲ್ಲ. ಇದಕ್ಕಾಗಿ ಯುರೋಪಿನಲ್ಲಿ ಏಳು ವರ್ಷಗಳಲ್ಲಿ ಹೆಕ್ಟೇರಿಗೆ ಒಟ್ಟು ೨೮ ಕಿಲೋಗ್ರಾಮಿಗಿಂತ ಹೆಚ್ಚು ತಾಮ್ರವನ್ನು ಬಳಸಕೂಡದೆಂದು ಮಿತಿ ಹಾಕಿದ್ದಾರೆ. ಸಾವಯವವೆಂದರೆ ಔಷಧವೇ ಇಲ್ಲದ ತೋಟವೆಂಬ ಭಾವನೆ ನಿಜವಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

ಔಷಧದ ಹಂಗನ್ನೇ ಕಡಿಮೆಮಾಡುವ ಮತ್ತೊಂದು ಹಾದಿ ತಳಿಯದು. ಬೆಂಗಳೂರಿನ ಸುತ್ತಲಿನ ‘ಬೆಂಗಳೂರು ನೀಲಿ’ಯು ರೋಗವನ್ನು ತಕ್ಕಮಟ್ಟಿಗೆ ತಾಳಿಕೊಳ್ಳುವ ಗಟ್ಟಿ ತಳಿ. ಪುಣೆಯ ಆಘಾರಕರ ಸಂಶೋಧನ ಸಂಸ್ಥೆಯವರು ಅಮೆರಿಕದ ಕಟಾಬಾ ತಳಿಯನ್ನೂ ಬ್ಯೂಟಿ ಸೀಡ್‌ಲೆಸ್ ತಳಿಯನ್ನೂ ಸಂಕರಗೊಳಿಸಿ ಪಡೆದ ‘ಎ. ಆರ್. ಐ. ೫೧೬’ ಎಂಬುದು ಶಿಲೀಂಧ್ರರೋಗಗಳನ್ನು ಎದುರಿಸಬಲ್ಲುದು. ರಸಕ್ಕೂ ಕೆಂಪು ವೈನಿಗೂ ಒದಗುವಂಥದು.

೩. ನಮ್ಮ ದೇಶದ ಮುದ್ರೆಗಳು

ಭಾರತ ಸರಕಾರದ ವಾಣಿಜ್ಯ ಇಲಾಖೆಯು ‘ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ’ವನ್ನು ೨೦೦೦ದ ಸುಮಾರಿಗೆ ಆರಂಭಿಸಿತು. ‘ಇಂಡಿಯಾ ಆರ್ಗ್ಯಾನಿಕ್’ ಎಂಬ ಮುದ್ರೆ ಇದರದು. ಇಲ್ಲಿ ಮೂರು ಮೆಟ್ಟಿಲುಗಳುಂಟು: ಸರಕಾರವು ಪ್ರಮಾಣಪತ್ರ ಕೊಡುವ ಸಂಸ್ಥೆಗಳಿಗೆ ಮಾನ್ಯತೆ ಕೊಡುತ್ತದೆ, ಆ ಸಂಸ್ಥೆಗಳು ತೋಟವನ್ನೂ ಕಾರ್ಖಾನೆಯನ್ನೂ ಪ್ರತ್ಯಕ್ಷ ನೋಡಿ ಲೆಕ್ಕಪತ್ರಗಳನ್ನು ಪರೀಕ್ಷಿಸುತ್ತವೆ, ಅನಂತರ ಬೆಳೆಗಾರನಿಗೆ ಮುದ್ರೆಯ ಅಧಿಕಾರ ಬರುತ್ತದೆ. ಕರ್ನಾಟಕ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯು ಇಂಥ ಸಂಸ್ಥೆಗಳಲ್ಲೊಂದು.

ದ್ರಾಕ್ಷಿಯಂಥ ಬಹುವಾರ್ಷಿಕ ಬೆಳೆಗೆ ಈ ಪದ್ಧತಿಯಲ್ಲಿ ಮೂರು ವರ್ಷಗಳ ಪರಿವರ್ತನಾವಧಿಯುಂಟು. ಈ ಮೂವತ್ತಾರು ತಿಂಗಳು ರೈತನು ಸಾವಯವದ ನಿಯಮಗಳನ್ನೆಲ್ಲ ಪಾಲಿಸಬೇಕು. ಇಳುವರಿ ಇಳಿಯಬಹುದು, ರೋಗದಿಂದ ಒಂದು ಬೆಳೆ ಕೈತಪ್ಪಲೂಬಹುದು. ಆದರೂ ಹಣ್ಣನ್ನು ಸಾವಯವವೆಂದು ಮಾರುವಂತಿಲ್ಲ. ನಷ್ಟ ಇಂದು, ಲಾಭ ನಾಳೆ. ಎರಡು ಮೂರು ಎಕರೆಯ ತೋಟವನ್ನು ಸಾಲದ ಮೇಲೆ ಕಟ್ಟಿದವನಿಗೆ ಈ ನಾಳೆಯನ್ನು ಕಾಯುವ ಶಕ್ತಿ ಎಲ್ಲಿಂದ ಬರಬೇಕು? ಸಾವಯವ ದ್ರಾಕ್ಷಿ ನಮ್ಮಲ್ಲಿ ವಿರಳವಾಗಿರುವುದಕ್ಕೆ ರೈತನ ಅಜ್ಞಾನಕ್ಕಿಂತ ಈ ಲೆಕ್ಕಾಚಾರವೇ ಮುಖ್ಯ ಕಾರಣ.

ಸಣ್ಣ ರೈತರಿಗಾಗಿ ಎರಡು ಉಪಾಯಗಳುಂಟು. ಒಂದು, ಹಲವರು ಗುಂಪುಗೂಡಿ ಒಂದೇ ಪ್ರಮಾಣಪತ್ರ ಪಡೆಯುವುದು. ಇನ್ನೊಂದು, ಕೃಷಿ ಇಲಾಖೆಯು ೨೦೧೧ರಲ್ಲಿ ಆರಂಭಿಸಿದ ‘ಸಹಭಾಗಿ ಖಾತರಿ ಪದ್ಧತಿ’. ಇದರಲ್ಲಿ ಹೊರಗಿನ ಪರೀಕ್ಷಕನಿಲ್ಲ. ಊರಿನ ರೈತರ ಗುಂಪೇ ಒಬ್ಬರ ಹೊಲವನ್ನೊಬ್ಬರು ನೋಡಿ ಸಾಕ್ಷಿ ಹೇಳುತ್ತಾರೆ. ಪರಿವರ್ತನೆಯ ಕಾಲದಲ್ಲಿ ‘ಹಸಿರು’ ಮುದ್ರೆ, ಅದು ಮುಗಿದ ಮೇಲೆ ‘ಸಾವಯವ’ ಮುದ್ರೆ. ಖರ್ಚು ಕಡಿಮೆ, ಆದರೆ ಇದರ ಬೆಲೆ ದೇಶದೊಳಗಣ ಪೇಟೆಗೆ ಮಾತ್ರ.

ಆಹಾರ ಸುರಕ್ಷಾ ಪ್ರಾಧಿಕಾರವು ೨೦೧೭ರಲ್ಲಿ ಸಾವಯವ ಆಹಾರದ ಬಗ್ಗೆ ನಿಯಮಗಳನ್ನು ರಚಿಸಿ ‘ಜೈವಿಕ ಭಾರತ’ ಎಂಬ ಮತ್ತೊಂದು ಮುದ್ರೆಯನ್ನು ತಂದಿತು. ಮೇಲ್ಕಂಡ ಎರಡು ಪದ್ಧತಿಗಳಲ್ಲಿ ಒಂದರ ಪ್ರಮಾಣವಿಲ್ಲದೆ ‘ಸಾವಯವ’ವೆಂದು ಬರೆದು ಅಂಗಡಿಯಲ್ಲಿ ಮಾರುವುದು ಅಂದಿನಿಂದ ನಿಯಮಬಾಹಿರವಾಯಿತು. ಬೆಳೆದವನೇ ಗ್ರಾಹಕನಿಗೆ ನೇರವಾಗಿ ಮಾರುವಾಗ ವಿನಾಯಿತಿಯುಂಟು. ಆದರೆ ಪ್ರಮಾಣವಿಲ್ಲದೆ ಮುದ್ರೆಯನ್ನು ಒತ್ತುವಂತಿಲ್ಲ. ರಾಷ್ಟ್ರೀಯ ಕಾರ್ಯಕ್ರಮದ ನಿಯಮಗಳ ಎಂಟನೆಯ ಆವೃತ್ತಿಯು ೨೦೨೫ರ ಜನವರಿಯಲ್ಲಿ ಪ್ರಕಟವಾಯಿತು.

೪. ತೋಟದಿಂದ ಪೀಪಾಯಿಗೆ

ಹಣ್ಣಿಗೆ ತೋಟವೇ ಕೊನೆ. ವೈನಿಗೆ ತೋಟವು ಅರ್ಧ ದಾರಿ. ಸಾವಯವ ದ್ರಾಕ್ಷಿಯನ್ನು ತಂದು ಕಾರ್ಖಾನೆಯಲ್ಲಿ ಮನಬಂದಂತೆ ಸಂಸ್ಕರಿಸಿದರೆ ಆ ವೈನನ್ನು ಸಾವಯವವೆನ್ನಬಹುದೇ? ಯುರೋಪು ಈ ಪ್ರಶ್ನೆಗೆ ಬಹುಕಾಲ ಉತ್ತರ ಹೇಳಲಾರದೆ ಹೋಯಿತು. ೨೦೧೨ರ ಬೆಳೆಗೆ ಮುಂಚೆ ಅಲ್ಲಿ ‘ಸಾವಯವ ದ್ರಾಕ್ಷಿಯಿಂದ ಮಾಡಿದ ವೈನ್’ ಎನ್ನಬಹುದಾಗಿತ್ತೇ ಹೊರತು ‘ಸಾವಯವ ವೈನ್’ ಎನ್ನುವಂತಿರಲಿಲ್ಲ. ಚರ್ಚೆಯೆಲ್ಲ ಸುತ್ತುತ್ತಿದ್ದುದು ಮುಖ್ಯವಾಗಿ ಗಂಧಕದ ಡೈಆಕ್ಸೈಡಿನ ಸುತ್ತ.

ಗಂಧಕವನ್ನು ಉರಿಸಿದಾಗ ಬರುವ ಈ ಅನಿಲವು ಬೇಡದ ಸೂಕ್ಷ್ಮಜೀವಿಗಳನ್ನು ತಡೆದು, ವೈನು ಗಾಳಿಗೆ ಕಂದದಂತೆ ಕಾಪಾಡುತ್ತದೆ. ಒಣದ್ರಾಕ್ಷಿಗೆ ಹೊಂಬಣ್ಣ ಬರಲೆಂದು ಕೊಡುವ ಹೊಗೆಯೂ ಇದೇ. ಹುದುಗುವ ಕಾಲದಲ್ಲಿ ಈಸ್ಟು ತಾನೇ ಸ್ವಲ್ಪಮಟ್ಟಿಗೆ ಇದನ್ನು ಉತ್ಪಾದಿಸುವುದರಿಂದ ಇದು ಲೇಶವೂ ಇಲ್ಲದ ವೈನು ದುರ್ಲಭ. ಉಬ್ಬಸದವರಲ್ಲಿ ಕೆಲವರಿಗೆ ಇದು ಒಗ್ಗದಾದ್ದರಿಂದ ನಿರ್ದಿಷ್ಟ ಪ್ರಮಾಣಕ್ಕೆ ಮೀರಿದರೆ ಚೀಟಿಯ ಮೇಲೆ ‘ಸಲ್ಫೈಟ್ ಇದೆ’ಯೆಂದು ಬರೆಯಲೇಬೇಕೆಂಬ ನಿಯಮವಿದೆ.

ಯುರೋಪಿನಲ್ಲಿ ಸಕ್ಕರೆಯಿಲ್ಲದ ಸಾಮಾನ್ಯ ಕೆಂಪು ವೈನಿಗೆ ಲೀಟರಿಗೆ ೧೫೦ ಮಿಲಿಗ್ರಾಮು, ಬಿಳಿಯದಕ್ಕೆ ೨೦೦ ಮಿಲಿಗ್ರಾಮು ಮಿತಿ. ಸಾವಯವದಲ್ಲಿ, ಸಕ್ಕರೆ ಅತ್ಯಲ್ಪವಾಗಿರುವ ಬಗೆಗಳಿಗೆ, ಅನುಕ್ರಮವಾಗಿ ೧೦೦ ಮತ್ತು ೧೫೦. ಹಸಿರು ಹಿನ್ನೆಲೆಯಲ್ಲಿ ನಕ್ಷತ್ರಗಳಿಂದಾದ ಎಲೆಯ ಮುದ್ರೆ ಇದರ ಗುರುತು. ಅಮೆರಿಕದವರು ಇನ್ನೂ ಕಟ್ಟುನಿಟ್ಟು: ಹೊರಗಿನಿಂದ ಸಲ್ಫೈಟನ್ನು ಒಂದು ಕಣವೂ ಸೇರಿಸದಿದ್ದರೆ ಮಾತ್ರ ‘ಸಾವಯವ ವೈನ್’, ೧೦೦ ಮಿಲಿಗ್ರಾಮಿನವರೆಗೆ ಸೇರಿಸಿದರೆ ‘ಸಾವಯವ ದ್ರಾಕ್ಷಿಯಿಂದ ಮಾಡಿದುದು’ ಎಂದಷ್ಟೇ ಹೇಳಬಹುದು. ಎಂದರೆ ಒಂದೇ ಪೀಪಾಯಿಯ ವೈನು ಪ್ಯಾರಿಸಿನಲ್ಲಿ ಸಾವಯವವೆನಿಸಿಕೊಂಡು ನ್ಯೂಯಾರ್ಕಿನಲ್ಲಿ ಆ ಹೆಸರನ್ನು ಕಳೆದುಕೊಳ್ಳಬಹುದು. ಮುದ್ರೆಯು ವಸ್ತುವಿನ ಗುಣಧರ್ಮವಲ್ಲ, ಒಂದು ದೇಶದ ಕಾನೂನಿನ ವಾಕ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಶಾಕಾಹಾರಿಗಳಾದ ವಾಚಕರು ಅರಿಯತಕ್ಕ ಇನ್ನೊಂದು ಸಂಗತಿಯಿದೆ. ವೈನನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿ, ಹಾಲಿನ ಕೇಸೀನ್, ಮೀನಿನ ಗಾಳಿಚೀಲದಿಂದ ತೆಗೆದ ಅಂಟು ಇವುಗಳನ್ನು ಬಳಸುವುದುಂಟು. ಸಾವಯವದ ಮುದ್ರೆಯು ಇದಕ್ಕೆ ಅಡ್ಡಿಯಲ್ಲ. ನಮ್ಮ ದೇಶದ ಪೊಟ್ಟಣಗಳ ಮೇಲೆ ಕಾಣುವ ಹಸಿರು-ಕಂದು ಗುರುತಿನ ನಿಯಮವು ಮದ್ಯಗಳಿಗೆ ಅನ್ವಯಿಸುವುದಿಲ್ಲ. ಈ ಬಗ್ಗೆ ಭರವಸೆ ಬೇಕಾದವರು ‘ವೀಗನ್’ ಎಂಬ ಬೇರೆ ಮುದ್ರೆಯನ್ನೇ ನೋಡಬೇಕು.

೫. ಸಾವಯವವಲ್ಲದ ಇತರ ಮುದ್ರೆಗಳು

ರುಡಾಲ್ಫ್ ಸ್ಟೈನರ್ ಎಂಬ ತತ್ತ್ವಜ್ಞನು ೧೯೨೪ರಲ್ಲಿ ಮಾಡಿದ ಉಪನ್ಯಾಸಗಳಿಂದ ‘ಬಯೊಡೈನಮಿಕ್’ ಕೃಷಿ ಹುಟ್ಟಿತು. ೧೯೨೮ರಿಂದ ಬಂದ ‘ಡಿಮೀಟರ್’ ಅದರ ಮುದ್ರೆ. ಇದು ಸಾವಯವದ ನಿಯಮಗಳನ್ನೆಲ್ಲ ಒಳಗೊಂಡು, ಅದರ ಮೇಲೆ ಹಸುವಿನ ಕೊಂಬಿನಲ್ಲಿ ಸಗಣಿ ತುಂಬಿ ನೆಲದಲ್ಲಿ ಹೂಳುವುದು ಮೊದಲಾದ ವಿಧಿಗಳನ್ನು ಹೇಳುತ್ತದೆ. ಈ ವಿಧಿಗಳ ಶಾಸ್ತ್ರೀಯತೆ ವಿವಾದಾಸ್ಪದ. ತಪಾಸಣೆ ಮಾತ್ರ ನಿಜವಾದುದು.

‘ಸುಸ್ಥಿರ’ವೆಂಬ ಮಾತಿನ ಬಗೆ ಬೇರೆ. ನ್ಯೂಜಿಲೆಂಡಿನವರು ೧೯೯೫ರಲ್ಲಿ ಆರಂಭಿಸಿದ ಸುಸ್ಥಿರ ದ್ರಾಕ್ಷಿಕೃಷಿಯ ಯೋಜನೆ, ಫ್ರಾನ್ಸಿನ ‘ಉನ್ನತ ಪರಿಸರಮೌಲ್ಯ’ದ ಮುದ್ರೆ ಮುಂತಾದವು ನೀರು, ವಿದ್ಯುತ್ತು, ತ್ಯಾಜ್ಯ, ಜೀವವೈವಿಧ್ಯ ಇವುಗಳನ್ನು ಲೆಕ್ಕಕ್ಕೆ ಹಿಡಿಯುತ್ತವೆ, ಆದರೆ ಕೃತಕ ಔಷಧಗಳನ್ನು ಪೂರ್ತಿಯಾಗಿ ನಿಷೇಧಿಸುವುದಿಲ್ಲ. ಸಾವಯವದ ನಿಯಮಗಳಾದರೋ ಔಷಧವನ್ನು ನೋಡುತ್ತವೆ. ಕೊಳವೆಬಾವಿ ಬತ್ತಿತೇ ಎಂಬುದನ್ನು ಅಷ್ಟಾಗಿ ವಿಚಾರಿಸುವುದಿಲ್ಲ. ಭಾರವಾದ ಗಾಜಿನ ಸೀಸೆಯು ವೈನಿನಿಂದ ವಾತಾವರಣಕ್ಕಾಗುವ ಹೊರೆಯಲ್ಲಿ ದೊಡ್ಡ ಪಾಲಿನದು. ಸಾವಯವ ಮುದ್ರೆಯು ಅದರ ತೂಕವನ್ನೂ ಕೇಳುವುದಿಲ್ಲ. ಬರಗಾಲದ ನಾಡಾದ ಸೋಲಾಪುರ-ವಿಜಯಪುರಗಳಲ್ಲಿ ನೀರಿನ ಪ್ರಶ್ನೆ ಔಷಧದ ಪ್ರಶ್ನೆಗಿಂತ ಚಿಕ್ಕದಲ್ಲ.

‘ನೈಸರ್ಗಿಕ’, ‘ಪರಿಸರಸ್ನೇಹಿ’ ಎಂಬ ಬರಿಯ ಮಾತುಗಳ ಹಿಂದೆ ಸಾಮಾನ್ಯವಾಗಿ ಯಾವ ಪರೀಕ್ಷಕನೂ ಇರುವುದಿಲ್ಲ. ನಮ್ಮ ದೇಶದ ಕೇಂದ್ರೀಯ ಗ್ರಾಹಕ ರಕ್ಷಣಾ ಪ್ರಾಧಿಕಾರವು ೨೦೨೪ರ ಅಕ್ಟೋಬರದಲ್ಲಿ ಪ್ರಕಟಿಸಿದ ಮಾರ್ಗಸೂಚಿಗಳ ಪ್ರಕಾರ, ಇಂಥ ಮಾತುಗಳನ್ನು ಬಳಸುವವರು ಅದಕ್ಕೆ ಆಧಾರವನ್ನು ಒದಗಿಸಬೇಕು.

‘ನಾಸಿಕ ಕಣಿವೆಯ ವೈನ್’ ಎಂಬಂಥ ಭೌಗೋಳಿಕ ಸೂಚಕವು ಊರನ್ನು ಹೇಳುತ್ತದೆ, ಪದ್ಧತಿಯನ್ನಲ್ಲ. ಈ ಕ್ರಮ ನಮಗೆ ಹೊಸದೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಸುರಾಧ್ಯಕ್ಷನ ಪ್ರಕರಣದಲ್ಲಿ ದ್ರಾಕ್ಷಿಯ ರಸದಿಂದಾದ ಮದ್ಯಕ್ಕೆ ಅದು ಹುಟ್ಟಿದ ದೇಶದಿಂದಲೇ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳು ಬಂದುವೆಂದು ತಿಳಿಸುತ್ತದೆ. ಲೊಕ್ಕಿಗುಂಡಿಯ ಟಂಕಸಾಲೆಯಿಂದ ಬಂದ ನಾಣ್ಯವು ನಮ್ಮ ಶಾಸನಗಳಲ್ಲಿ ‘ಲೊಕ್ಕಿಗದ್ಯಾಣ’ವಾದುದೂ ಊರಿನ ಹೆಸರೇ ಭರವಸೆಯಾದುದಕ್ಕೆ ಉದಾಹರಣೆ.

೬. ಶೇಷಪರೀಕ್ಷೆಯೂ ಮುದ್ರೆಯೂ

ಸಾವಯವ ಪ್ರಮಾಣಕ್ಕೂ ಔಷಧದ ಶೇಷಾಂಶದ ಪರೀಕ್ಷೆಗೂ ಭೇದವಿದೆ. ೨೦೦೩ರಲ್ಲಿ ಭಾರತದ ದ್ರಾಕ್ಷಿಯಲ್ಲಿ ಔಷಧದ ಶೇಷವು ಮಿತಿಮೀರಿ ಕಂಡು ಯುರೋಪಿನಲ್ಲಿ ಸರಕು ತಿರಸ್ಕೃತವಾಯಿತು. ಅದರ ಪರಿಣಾಮವಾಗಿ ಶೇಷಪರೀಕ್ಷೆಯ ವ್ಯವಸ್ಥೆಯೂ, ೨೦೦೬ರಲ್ಲಿ ‘ಗ್ರೇಪ್‌ನೆಟ್’ ಎಂಬ ನೋಂದಣಿಯೂ ಬಂದುವು. ರಫ್ತಿನ ಹಣ್ಣು ಯಾವ ಊರಿನ ಯಾವ ತೋಟದ್ದೆಂಬುದನ್ನು ಇದರಿಂದ ಗುರುತಿಸಬಹುದು. ಪುಣೆಯ ಸಮೀಪದ ಮಾಂಜರಿಯಲ್ಲಿ ೧೯೯೭ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನ ಕೇಂದ್ರದ ಪ್ರಯೋಗಾಲಯವೇ ಈ ಕಾರ್ಯದಲ್ಲಿ ದೇಶಕ್ಕೆಲ್ಲ ಮಾರ್ಗದರ್ಶಕ. ಹೀಗಿದ್ದೂ ೨೦೧೦ರಲ್ಲಿ ಕ್ಲೋರ್ಮೆಕ್ವಾಟ್ ಎಂಬ ಬೆಳವಣಿಗೆಯ ರಸದ ಅಂಶವು ಕಂಡುಬಂದು ಸರಕು ಯುರೋಪಿನ ಬಂದರುಗಳಲ್ಲಿ ಸಿಕ್ಕಿಬಿದ್ದಿತು. ಆ ವಸ್ತುವು ಇಲ್ಲಿಯ ಪರೀಕ್ಷೆಯ ಪಟ್ಟಿಯಲ್ಲಿಯೇ ಇರಲಿಲ್ಲ. ಪೆಟ್ಟು ಬಿದ್ದುದು ಮಾತ್ರ ಬೆಳೆಗಾರನಿಗೆ.

ಈ ಪ್ರಸಂಗದಿಂದ ಕಲಿಯಬೇಕಾದುದಿಷ್ಟು: ಶೇಷಪರೀಕ್ಷೆಯು ಹುಡುಕಿದುದನ್ನು ಮಾತ್ರ ಕಾಣಬಲ್ಲುದು. ಸಾವಯವ ಪ್ರಮಾಣವು ಮಾಡಿದ ಕೆಲಸಕ್ಕೆ ಸಾಕ್ಷಿ ಹೇಳುತ್ತದೆ. ಪಕ್ಕದ ಹೊಲದಿಂದ ಗಾಳಿಯಲ್ಲಿ ತೇಲಿಬಂದ ಔಷಧಕ್ಕೆ ಅದು ಪೂರ್ಣ ಹೊಣೆಯಾಗಲಾರದು. ಒಂದು ಫಲವನ್ನು ನೋಡುತ್ತದೆ, ಇನ್ನೊಂದು ನಡತೆಯನ್ನು ನೋಡುತ್ತದೆ. ಎರಡೂ ಬೇಕು.

೭. ಉಪಸಂಹಾರ

ಸೀಸೆಯನ್ನು ಕೈಗೆತ್ತಿಕೊಂಡವನು ಈ ಕ್ರಮದಲ್ಲಿ ನೋಡಬಹುದು. ಮೊದಲು, ಇರುವುದು ಮುದ್ರೆಯೋ ಬರಿಯ ಮಾತೋ. ಎರಡನೆಯದಾಗಿ, ಮುದ್ರೆಯಾದರೆ ಅದರ ಬಳಿಯಲ್ಲಿ ಪ್ರಮಾಣ ಕೊಟ್ಟ ಸಂಸ್ಥೆಯ ಹೆಸರು ಅಥವಾ ಸಂಖ್ಯೆ ಇದೆಯೋ ಇಲ್ಲವೋ. ಮೂರನೆಯದಾಗಿ, ಅದು ಹೇಳುವುದು ದ್ರಾಕ್ಷಿಯನ್ನು ಕುರಿತೋ ವೈನನ್ನು ಕುರಿತೋ. ನಾಲ್ಕನೆಯದಾಗಿ, ಅದು ಯಾವ ದೇಶದ ನಿಯಮಕ್ಕೆ ಒಳಪಟ್ಟುದು. ಸಾವಯವವಾದ ಮಾತ್ರಕ್ಕೆ ಮದ್ಯವು ಆರೋಗ್ಯಕರವಾಗುವುದಿಲ್ಲ; ಮದ್ಯದ ಚೀಟಿಯ ಮೇಲೆ ಆರೋಗ್ಯದ ಗುಣವನ್ನು ಹೊಗಳುವುದನ್ನು ನಮ್ಮ ಕಾನೂನು ನಿಷೇಧಿಸಿರುವುದು ಯೋಗ್ಯವೇ ಆಗಿದೆ.

ಕೊನೆಯದಾಗಿ, ಈ ನಿಯಮಗಳಿಗೆ ಸಹಿ ಹಾಕಬೇಕಾದ ರೈತನಿಗೆ ಅವು ಅವನ ಭಾಷೆಯಲ್ಲಿ, ಅವನಿಗೆ ತಿಳಿಯುವ ಮಾತಿನಲ್ಲಿ ದೊರೆಯಬೇಕು. ಕರ್ನಾಟಕವು ೨೦೦೪ರಷ್ಟು ಹಿಂದೆಯೇ ಸಾವಯವ ಕೃಷಿಗೊಂದು ನೀತಿಯನ್ನು ರೂಪಿಸಿದ ರಾಜ್ಯ. ಮಾಂಜರಿಯ ವಿಜ್ಞಾನಕ್ಕೂ ವಿಜಯಪುರದ ತೋಟಕ್ಕೂ ನಡುವೆ ಇರುವುದು ಕೆಲವು ತಾಸುಗಳ ಹಾದಿ ಮತ್ತು ಎರಡು ಭಾಷೆಗಳು. ಎರಡನ್ನೂ ಬಲ್ಲ ಪುಣೆಯ ಕನ್ನಡಿಗರು ಚಾಟ್ನಿ, ಡೌನಿ, ಭುರಿಗಳೆಂಬ ಬಳಕೆಯ ಮಾತುಗಳನ್ನು ಕೂಡಿಸಿ, ನಿಯಮಗಳ ಒಂದು ಚಿಕ್ಕ ಕನ್ನಡ ಕೈಪಿಡಿಯನ್ನು ಸಿದ್ಧಪಡಿಸಿದರೆ, ಅದು ಮುದ್ರೆಯನ್ನು ಓದುವವರಿಗಿಂತ ಹೆಚ್ಚಾಗಿ ಅದನ್ನು ಗಳಿಸಬೇಕಾದವರಿಗೆ ಉಪಕಾರವಾದೀತು.